ಮಸಿಬಟ್ಟೆಗೂ ಆಗದ ಅಂಗಿ

ನಮ್ಮ ಬಿಳಿಗೆರೆಗೆ ದಿನಾ ತಪ್ಪದೆ ಬರುವವರು ಇಬ್ಬರು. ಒಬ್ಬ ಹಾಲಿನವನು, ಇನ್ನೊಬ್ಬ ಪಾರ್ಸಲ್ ಹುಡುಗ. ಜೋರು ಮಳೆ ಬಂದರೆ ಬಸ್ಸು ಬರುವುದಿಲ್ಲ, ಕರೆಂಟು ಬರುವುದಿಲ್ಲ, ಪಾರ್ಸಲ್ ಬರುತ್ತದೆ. ಮೊದಮೊದಲು ಪಾಪ, ಅರಳಿಕಟ್ಟೆ ಹತ್ತಿರ ಬೈಕು ನಿಲ್ಲಿಸಿ ವಿಳಾಸ ಕೇಳುತ್ತಿದ್ದ. ಈಗ ಯಾರ ಮನೆ ಸೊಸೆ ಏನು ತರಿಸುತ್ತಾಳೆ, ಯಾರು ಹಬ್ಬಕ್ಕೆ ಉಟ್ಟು ಮಾರನೇ ದಿನ ವಾಪಸ್ಸು ಮಾಡುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಆದರೆ ಒಳ್ಳೆಯವನು, ಬಾಯಿ ಬಿಡುವುದಿಲ್ಲ.

ನಾನೂ ತರಿಸಿದೆ. ಬೇಕಾಗಿದ್ದದ್ದು ಒಂದು ಅಂಗಿ. ಒಂದಕ್ಕೆ 299, ಮೂರಕ್ಕೆ 599 ಅಂದಮೇಲೆ ಒಂದನ್ನೇ ಕೊಳ್ಳುವವನು ಪೆದ್ದನಲ್ಲವೆ? ರಾತ್ರಿ ಹನ್ನೊಂದು ಗಂಟೆ, ಮನೆಯವಳು ಮಲಗಿದ್ದಳು. ‘ಇನ್ನು ಎರಡೇ ಉಳಿದಿವೆ’ ಅಂತ ಫೋನು ಕೆಂಪಕ್ಷರದಲ್ಲಿ ಹೆದರಿಸಿತು. ಒತ್ತಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಆಗಲೂ ಎರಡೇ ಉಳಿದಿದ್ದವು. ಇವತ್ತಿಗೂ ಎರಡೇ ಉಳಿದಿವೆ, ಬೇಕಾದರೆ ನೋಡಿ.

ಅಂಗಿಗಳೇನೋ ಫೋಟೋದಲ್ಲಿದ್ದ ಹಾಗೇ ಇದ್ದವು, ಒಗೆಯುವ ತನಕ. ನಾಲ್ಕು ಒಗೆತಕ್ಕೆ ಮೈತುಂಬ ಸಣ್ಣ ಸಣ್ಣ ಗುಂಜು ಎದ್ದಿತು. ಒಂದರ ಹೊಲಿಗೆ ಕಂಕುಳಲ್ಲಿ ಬಿಟ್ಟುಕೊಂಡಿತು. ಹೋಗಲಿ, ಅಡುಗೆಮನೆಗಾದರೂ ಆಗುತ್ತದೆ ಅಂತ ಅವ್ವನಿಗೆ ಕೊಟ್ಟೆ. ಅವ್ವ ಅದನ್ನು ಮಡಿಸಿ, ಒಲೆ ಮೇಲಿಂದ ಸಾರಿನ ಪಾತ್ರೆ ಇಳಿಸಲು ಹೋದಳು. ಬಟ್ಟೆ ಚುರ್ ಎಂದು ಪಾತ್ರೆಗೇ ಅಂಟಿಕೊಂಡಿತು.

“ಇದ್ಯಾವ ಬಟ್ಟೆ ತಂದ್ಬುಟ್ಟೆ ಮಗ? ಮಸಿಬಟ್ಟೆಗೂ ಆಗಲ್ವಲ್ಲಪ್ಪ!”

ಈ ಮಾತಿಗಿಂತ ದೊಡ್ಡ ಬೈಗುಳ ನಮ್ಮ ಮನೆಯಲ್ಲಿಲ್ಲ. ಯಾಕೆಂದರೆ ನಮ್ಮಲ್ಲಿ ಬಟ್ಟೆಗೆ ಸಾವು ಎಂಬುದೇ ಇರಲಿಲ್ಲ, ಬರೀ ವರ್ಗಾವಣೆ. ಗೌರಿಹಬ್ಬಕ್ಕೆ ತಂದ ಹತ್ತಿ ಸೀರೆ ಎರಡು ವರ್ಷ ನೆಂಟರ ಮನೆಗೆ, ಆಮೇಲೆ ಮನೆಯೊಳಗೆ, ಆಮೇಲೆ ಗದ್ದೆಗೆ. ಮೆತ್ತಗಾದ ಮೇಲೆ ಕೂಸಿನ ಜೋಲಿಗೆ. ಜೋಲಿಯೂ ಹರಿದರೆ ನಾಲ್ಕೈದು ಸೀರೆ ಸೇರಿ ಒಂದು ಬೊಂತೆ. ಉತ್ತರದ ಕಡೆಯವರು ಕೌದಿ ಅನ್ನುತ್ತಾರಲ್ಲ, ಅದೇ. ಉಳಿದ ಚೂರು ಮಸಿಬಟ್ಟೆ, ಅದರ ಉಳಿಕೆ ನೆಲ ಒರೆಸಲಿಕ್ಕೆ, ಕೊನೆಗೆ ಸೈಕಲ್ ಚೈನಿಗೆ. ಇದಕ್ಕೆ ಈಗ ‘ಸುಸ್ಥಿರ ಉಡುಪು’ ಅಂತ ಹೆಸರಂತೆ. ಅವ್ವನಿಗೆ ಹೇಳಿದರೆ ನಗುತ್ತಾಳೆ. ಆಗ ಅದಕ್ಕಿದ್ದ ಹೆಸರು ಬಡತನ.

ನನ್ನ ಅಂಗಿ ನೆಲವನ್ನೂ ಒರೆಸಲಿಲ್ಲ. ನೀರು ಹೀರಿದರೆ ತಾನೆ? ಆ ಮೂಲೆಯ ನೀರನ್ನು ಈ ಮೂಲೆಗೆ ತಳ್ಳಿತು, ಥೇಟ್ ಸರ್ಕಾರಿ ಫೈಲಿನ ಹಾಗೆ. ಅದು ಪಾಲಿಯೆಸ್ಟರು, ಅಂದರೆ ಪೆಟ್ರೋಲಿಯಮ್ಮಿನಿಂದ ಎಳೆದ ಪ್ಲಾಸ್ಟಿಕ್ಕು. ನೀರಿನ ಬಾಟಲಿಯ ಖಾಸಾ ದಾಯಾದಿ. ಬಾಟಲಿ ತೊಟ್ಟುಕೊಂಡು ಬೆವರು ಹೀರು ಅಂದರೆ ಎಲ್ಲಿಂದ ಹೀರುತ್ತದೆ?

ಹತ್ತಿಯೇನೂ ಸಾಧು ಅಲ್ಲ, ಬಿಡಿ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇದೆ ಎಂಬುದು ಪರಿಸರದವರ ಲೆಕ್ಕ. ಅಷ್ಟು ನೀರು ಕುಡಿದದ್ದು ಹತ್ತು ವರ್ಷ ಬಾಳಬೇಕೋ, ಹತ್ತು ಒಗೆತಕ್ಕೆ ಅಟ್ಟ ಸೇರಬೇಕೋ, ನೀವೇ ಹೇಳಿ.

“ಹಾಗಾದರೆ ಖಾದಿ ತೊಡಬಹುದಲ್ಲ?” ಅನ್ನುತ್ತೀರಿ. ತೊಡಬಹುದು. ಖಾದಿಗಾಗಿ ಜೀವ ತೇದ ತಗಡೂರು ರಾಮಚಂದ್ರರಾಯರ ನಂಜನಗೂಡು ತಾಲ್ಲೂಕು ನಮ್ಮದು. ಗಾಂಧೀಜಿ ಬಂದು ನೋಡಿದ ಬದನವಾಳಿನ ಖಾದಿ ಕೇಂದ್ರವೂ ಇದೇ ತಾಲ್ಲೂಕಿನಲ್ಲಿದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲೇ ಕೂತು ಬದನವಾಳು ಸತ್ಯಾಗ್ರಹ ನಡೆಸಿದರು: ಕೈಯಲ್ಲಿ ಮಾಡಿದ್ದನ್ನು ಕೊಳ್ಳಿ, ಸರಳವಾಗಿ ಬದುಕಿ ಎಂದರು. ನಾನು ತಲೆದೂಗಿದೆ. ತಲೆದೂಗುವುದಕ್ಕೆ ಖರ್ಚಿಲ್ಲ ನೋಡಿ. ಕೊಂಡದ್ದು ಮಾತ್ರ ಅಕ್ಟೋಬರ್‌ನಲ್ಲಿ, ರಿಯಾಯಿತಿ ಬಂದ ಮೇಲೆ, ಒಂದೇ ಒಂದು ಜುಬ್ಬ. ಅದಕ್ಕೆ ಗಂಜಿ ಹಾಕಬೇಕು, ಇಸ್ತ್ರಿ ಮಾಡಬೇಕು, ತೊಟ್ಟರೆ ಊರವರು “ಏನ್ ಸಾಮಿ, ಎಲೆಕ್ಸನ್‌ಗೆ ನಿಂತ್ಕಂಡ್ರಾ?” ಅಂತ ಕೇಳುತ್ತಾರೆ. ಮೊಳೆಗೆ ನೇತುಬಿದ್ದಿದೆ. ಮೈಸೂರಿನಲ್ಲಿರುವ ನನ್ನ ಭಾಮೈದ ನನಗಿಂತ ದೊಡ್ಡ ಭಕ್ತ. ನಾಲ್ಕು ಸಾವಿರದ ‘ಪರಿಸರಸ್ನೇಹಿ’ ಕುರ್ತಾ ತರಿಸಿದ. ಅದು ಬಂದದ್ದು ಎರಡು ಪ್ಲಾಸ್ಟಿಕ್ ಕವರಿನೊಳಗೆ.

ನಂಜನಗೂಡಿನಲ್ಲಂತೂ ಬಟ್ಟೆಗೆ ಇನ್ನೊಂದು ದಾರಿಯಿದೆ. ಕಪಿಲೆಯಲ್ಲಿ ಮುಳುಗೆದ್ದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು, ಕಷ್ಟ ಕಳೆಯಿತು ಅಂತ ಬಸ್ಸು ಹತ್ತುತ್ತಾರೆ. ಹಿಂದೆ ಹತ್ತಿ ಪಂಚೆಯ ಜೊತೆ ಪಾಪವೂ ಕೊಳೆತು ಹೋಗುತ್ತಿತ್ತು. ಪಾಲಿಯೆಸ್ಟರಿಗಂಟಿದ ಪಾಪ ಕೊಳೆಯುವುದಿಲ್ಲ. ಅದು ಸೀದಾ ತಿರುಮಕೂಡಲು ನರಸೀಪುರಕ್ಕೆ ತೇಲಿ, ಕಾವೇರಿ ಸೇರಿ, ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳಕ್ಕೆ ಮುಳುಗುವವರ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮೊನ್ನೆ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಂದಳು. ಮೂರೂ ಅಂಗಿ ತಂದು ಮುಂದಿಟ್ಟೆ. ಮನಸ್ಸಿನಲ್ಲಿ ಆಗಲೇ ಒಂದು ಸ್ಟೀಲ್ ಡಬರಿ ಎತ್ತಿಟ್ಟುಕೊಂಡಿದ್ದೆ. ಅವಳು ಅಂಗಿಯ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದೇ ಸಲ ಉಜ್ಜಿದಳು. ಬೆಳಕಿಗೂ ಹಿಡಿಯಲಿಲ್ಲ.

“ಇದು ಬ್ಯಾಡ ಕಣಣ್ಣ. ಜರಿ ಸೀರೆ ಇದ್ರೆ ಕೊಡಿ.”

“ಒಂದು ಚಮಚಾನಾದ್ರೂ ಕೊಡಮ್ಮ.”

“ಚಮಚ ನಂಗೆ ಲಾಸು.”

ಒಳಗಿದ್ದ ಅವ್ವನಿಗೆ ‘ಜರಿ’ ಎಂಬ ಮಾತು ಸರಿಯಾಗಿ ಕೇಳಿಸಿತು. ಅವ್ವನ ಮದುವೆಯ ಮೈಸೂರು ರೇಷ್ಮೆ ಸೀರೆ ಟ್ರಂಕಿನಲ್ಲಿದೆ. ನರಸೀಪುರದ ಸರ್ಕಾರಿ ಫಿಲೇಚರಿನಲ್ಲಿ ರೇಷ್ಮೆಗೂಡು ಬಿಚ್ಚಿ ನೂಲು ತೆಗೆಯುತ್ತಾರೆ, ಮೈಸೂರಿನಲ್ಲಿ ನೇಯುತ್ತಾರೆ. ಆ ನೇಯ್ಗೆ ಕಾರ್ಖಾನೆ 1912ರದ್ದು. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, ಮೇಲೆ ಚಿನ್ನದ ಲೇಪ. ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ ನೆರಳಿಗೆ ಹಾಕುತ್ತಾಳೆ, ಅಷ್ಟೇ ಅದರ ಆರೈಕೆ.

“ಅದ ಕೊಟ್ಬುಟ್ರೆ ನಾನು ಹಬ್ಬಕ್ಕೆ ಉಡದೇನು, ನಿನ್ ಅಂಗಿಯಾ?” ಎಂದು ಒಳಗಿಂದಲೇ ಗದರಿದಳು.

ಪಾತ್ರೆಯವಳು ನಗುತ್ತ ಪುಟ್ಟಿ ಹೊತ್ತಳು. ಅಂಗಿಗಳು ಅಟ್ಟದ ಮೇಲೆ ಹಾಗೇ ಇವೆ. ಸೈಜು ನಲವತ್ತು, ಒಂದಕ್ಕೆ ಮಾತ್ರ ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ, ಅದಕ್ಕೇ ಸಾರಿನ ಪಾತ್ರೆಯ ಗುರುತೂ ಇದೆ. ಬೇಕಾದವರು ಬಿಳಿಗೆರೆ ಕಡೆ ಬಂದಾಗ ತೆಗೆದುಕೊಂಡು ಹೋಗಿ. ಪಾತ್ರೆ ಕೊಡುವುದೇನೂ ಬೇಡ.