ಕುಲದೇವರಿಗೆ ಎಷ್ಟು ಅಂತ ಕೆಲಸ?

ಬಾಗಿಲಿಗೆ ಎರಡೆರಡು ಬೀಗ ಜಡಿದು, ಜಗ್ಗಿ ನೋಡಿ, ಬಸ್ಸು ಹತ್ತಿದ ಮೇಲೂ ಅನುಮಾನಪಡುವ ನಮ್ಮ ಜನ ಕಂಪ್ಯೂಟರಿನ ವಿಷಯದಲ್ಲಿ ಮಹಾ ಉದಾರಿಗಳು. ಪಾಸ್‌ವರ್ಡ್ ಅಂದರೆ ಕುಲದೇವರ ಹೆಸರು, ಪಕ್ಕದಲ್ಲಿ 123. ಪಾಪ, ಮಂಜುನಾಥನಾದರೂ ಎಷ್ಟು ಮನೆ ಕಾಯಬೇಕು? ಬಿಟ್‌ವಾರ್ಡನ್ ಹಾಕಿಕೊಳ್ಳಿ, ಎಲ್ಲ ಪಾಸ್‌ವರ್ಡನ್ನೂ ಪುಕ್ಕಟೆ ನೆನಪಿಟ್ಟುಕೊಳ್ಳುತ್ತದೆ ಎಂದರೆ, "ಪುಕ್ಕಟೆಯಾ? ಏನೋ ಮೋಸ ಇರಬೇಕು" ಅನ್ನುತ್ತಾರೆ. ಅದೇ ಮಹಾಶಯರು ಫೋಟೋಶಾಪಿನ ಕದ್ದ ಪ್ರತಿ ಇಳಿಸಿಕೊಳ್ಳುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂಬ ಆಜ್ಞೆಯನ್ನು ಭಯಭಕ್ತಿಯಿಂದ ಪಾಲಿಸುತ್ತಾರೆ. ಅದೇ ಕೆಲಸ ಮಾಡುವ ಗಿಂಪ್ ಧರ್ಮಕ್ಕೇ ಸಿಗುತ್ತದಲ್ಲ ಸ್ವಾಮಿ!

ಇನ್ನು ಮದುವೆ ಕರೆಯೋಲೆ. ಮೇಲ್‌ನಲ್ಲಿ "ಲಗ್ನಪತ್ರಿಕೆ.ಪಿಡಿಎಫ್" ಬಂದಿದೆ. ಅದರ ಪೂರ್ತಿ ಹೆಸರು "ಲಗ್ನಪತ್ರಿಕೆ.ಪಿಡಿಎಫ್.ಇಎಕ್ಸ್‌ಇ". ಅಂದರೆ ಅದು ಪತ್ರಿಕೆಯಲ್ಲ, ಪ್ರೋಗ್ರಾಂ. ವಿಂಡೋಸ್ ಆ ಕೊನೆಯ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತದೆ. ಇದಕ್ಕಿಂತ ಪೆದ್ದು ಏರ್ಪಾಡನ್ನು ನಾನಂತೂ ಕಂಡಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಗುರುತು ಹಾಕಿ, ಬಾಲ ಕಾಣುತ್ತದೆ. ಇನ್ನೂ ಅನುಮಾನವೇ? ವೈರಸ್‌ಟೋಟಲ್ ತಾಣಕ್ಕೆ ಏರಿಸಿ. ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಮೂಸಿ ನೋಡುತ್ತವೆ. ಆದರೆ ಆಸ್ತಿಪತ್ರ, ಆಧಾರ್ ಅಲ್ಲಿಗೆ ಏರಿಸಬೇಡಿ, ಅಲ್ಲಿ ಬಿದ್ದ ಕಡತ ಬೇರೆಯವರ ಕೈಗೂ ಹೋಗುತ್ತದೆ.

ಇಷ್ಟಾಗಿಯೂ ಮೋಸಹೋಗಿ ದುಡ್ಡೇ ಹೋಗಿದ್ದರೆ, ಭಾವಮೈದುನನಿಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮತ್ತೆ ಪುಕ್ಕಟೆಯ ಮಾತಿಗೇ ಬಂದರೆ, ಕಡತ ಕುಗ್ಗಿಸುವ ವಿನ್‌ರಾರ್‌ನ 40 ದಿನದ ಪ್ರಯೋಗಾವಧಿಯಲ್ಲೇ ವರ್ಷಗಟ್ಟಲೆ ಸಂಸಾರ ಮಾಡುತ್ತಿರುವವರು, ನಿಜಕ್ಕೂ ಪುಕ್ಕಟೆಯಾದ 7-ಜಿಪ್ ಇದೆ ಎಂದರೆ ಮುಖ ಸಿಂಡರಿಸುತ್ತಾರೆ: "ಬೇಡಪ್ಪ, ನಮಗೆ ದುಡ್ಡು ಕೊಡೋದೇ ಇರಲಿ."