ನಠಭೈರವಿಯಲ್ಲೊಂದು ಬ್ರೇಕಪ್

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಥರ್ಟಿ-ಫಾರ್ಟಿ ಸೈಟಿನ ಯಾವುದಾದರೂ ಒಂದು ಮನೆಯ ಮಹಡಿ ಕೋಣೆಯಲ್ಲಿ ಇವನು ಸಿಗುತ್ತಾನೆ. ಹಗಲು ಐಟಿ ಕಂಪನಿ, ರಾತ್ರಿ ಸಂಗೀತ ಸಂಯೋಜನೆ. ‘ಹಾಡು ಮಾಡ್ತೀಯಂತೆ?’ ಎಂದು ಕೇಳಿಬಿಟ್ಟೀರಿ ಮತ್ತೆ! ‘ಹಾಡಲ್ಲ ಅಂಕಲ್, ಇನ್‌ಸ್ಟ್ರುಮೆಂಟಲ್’ ಅನ್ನುತ್ತಾನೆ, ‘ನಮ್ಮಲ್ಲಿ ಈರುಳ್ಳಿ ಹಾಕಲ್ಲ’ ಅನ್ನುವವರ ಧಾಟಿಯಲ್ಲಿ.

ಮಾತು ಬಂದರೆ ಭಾವನೆ ಕೆಡುತ್ತದೆ ಎಂಬುದು ಇವನ ಸಿದ್ಧಾಂತ. ಅದನ್ನು ವಿವರಿಸಲು ಮುಕ್ಕಾಲು ಗಂಟೆ ಮಾತಾಡುತ್ತಾನೆ. ಸಂಗೀತ ಮೂರು ನಿಮಿಷದ್ದು. ಅದರ ಕೆಳಗೆ ಬರೆಯುವ ಟಿಪ್ಪಣಿ ಓದಲು ಐದು ನಿಮಿಷ ಬೇಕು: ಯಾವ ಮಳೆಗಾಲದಲ್ಲಿ, ಯಾವ ಬಸ್‌ಸ್ಟಾಪಿನಲ್ಲಿ, ಯಾರು ತಿರುಗಿ ನೋಡದೆ ಹೋದದ್ದಕ್ಕೆ ಎರಡನೇ ನಿಮಿಷದ ಚೆಲ್ಲೋ ಹುಟ್ಟಿತು ಎಂಬುದೆಲ್ಲ ಅದರಲ್ಲಿರುತ್ತದೆ. ನಗಬೇಡಿ, ಇದಕ್ಕೆ ದೊಡ್ಡವರ ಮೇಲ್ಪಂಕ್ತಿ ಇದೆ. ವಿವಾಲ್ಡಿ ನಾಲ್ಕು ಋತುಗಳ ಮೇಲಿನ ಪಿಟೀಲು ಕೃತಿಗಳನ್ನು 1725ರಲ್ಲಿ ಅಚ್ಚು ಹಾಕಿಸಿದಾಗ ಒಂದೊಂದಕ್ಕೂ ಒಂದೊಂದು ಸಾನೆಟ್ಟು ಸೇರಿಸಿದ್ದ. ವಸಂತದಲ್ಲಿ ಒಂದು ಕಡೆ ವಿಯೋಲ ನುಡಿಸುವವನಿಗೆ ‘ಇದು ಬೊಗಳುವ ನಾಯಿ’ ಎಂದು ಸ್ವರಲಿಪಿಯಲ್ಲೇ ಬರೆದಿಟ್ಟಿದ್ದ. ಇಳಯರಾಜ ಮಾತ್ರ ಜಾಣರು; 1986ರ ತಮ್ಮ ವಾದ್ಯಸಂಗೀತದ ಆಲ್ಬಮ್ಮಿಗೆ ‘ಹೌ ಟು ನೇಮ್ ಇಟ್?’ ಎಂದೇ ಹೆಸರಿಟ್ಟು ಆ ತಾಪತ್ರಯವನ್ನು ಕೇಳುಗರ ತಲೆಗೆ ಕಟ್ಟಿದರು.

ಇವನ ಸ್ಟುಡಿಯೋ ಎಂದರೆ ಒಂದು ಲ್ಯಾಪ್‌ಟಾಪು, ಪಿಯಾನೋದ ಕಾಲು ಭಾಗದಷ್ಟು ಉದ್ದದ ಕೀಬೋರ್ಡು, ಸಾಲದ ಮೇಲೆ ತಂದ ಹೆಡ್‌ಫೋನು ಮತ್ತು ಗೋಡೆ ತುಂಬ ಮೊಟ್ಟೆ ಟ್ರೇ. ಆ ಟ್ರೇಗಳ ಕಥೆ ಬೇರೆಯೇ ಇದೆ. ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಜೋರಾಗಿ ಆಡುವಂತಿಲ್ಲ. ಹೀಗಿರುವಾಗ ಮಗ ಒಂದು ಭಾನುವಾರ ಆಟೋದಲ್ಲಿ ಟ್ರೇಗಳ ಗೋಪುರವನ್ನೇ ಹೇರಿಕೊಂಡು ಇಳಿದದ್ದನ್ನು ಇಡೀ ಕ್ರಾಸು ನೋಡಿತು. ‘ಖಾಲಿ ಕಣಮ್ಮ, ಸೌಂಡಿಗೆ’ ಎಂದು ಅವನು ಎಷ್ಟು ಹೇಳಿದರೂ ಎದುರು ಮನೆಯವರು ನಂಬಲಿಲ್ಲ. ಅದಕ್ಕಿಂತ ದೊಡ್ಡ ದುರಂತವೆಂದರೆ ಆ ರಟ್ಟಿಗೆ ಶಬ್ದ ತಡೆಯುವ ತಾಕತ್ತೇ ಇಲ್ಲ. ಕೋಣೆಯ ಒಳಗಿನ ಮಾರ್ದನಿಯನ್ನು ಚೂರುಪಾರು ಮೆತ್ತಗೆ ಮಾಡಬಹುದು, ಅಷ್ಟೆ; ಹೊರಗಿನ ಶಬ್ದ ನಿಲ್ಲಬೇಕಾದರೆ ಗೋಡೆಗೆ ತೂಕ ಬೇಕು. ಹಾಗಾಗಿ ಇವನ ‘ಸಾಲಿಟ್ಯೂಡ್’ ಎಂಬ ಕೃತಿಯಲ್ಲಿ ಏಕಾಂತವನ್ನು ಸೂಚಿಸುವ ಕೊಳಲಿನ ಹಿಂದೆ, ಗಮನವಿಟ್ಟು ಕೇಳಿದರೆ, ಕುಕ್ಕರಿನ ಮೂರು ಸೀಟಿ ಕೇಳುತ್ತದೆ.

ಮಳೆಯ ವಿಷಯದಲ್ಲಿ ಇವನದು ಇನ್ನೂ ವಿಚಿತ್ರ. ವಿರಹ ಎಂದಮೇಲೆ ಮಳೆ ಸದ್ದು ಬೇಕೇಬೇಕು. ಒಂದು ಸಂಜೆ ಹೊರಗೆ ಬನಶಂಕರಿಯ ಮಳೆ ತಗಡಿನ ಶೀಟನ್ನು ಕಿತ್ತುಹಾಕುವಂತೆ ಹೊಯ್ಯುತ್ತಿತ್ತು. ಇವನು ‘ಛೆ, ಡಿಸ್ಟರ್ಬು’ ಎಂದು ಕಿಟಕಿ ಮುಚ್ಚಿ, ಚಿಲಕ ಹಾಕಿ, ಯಾವುದೋ ದೇಶದ ಕಾಡಿನಲ್ಲಿ ಯಾರೋ ಹಿಡಿದಿಟ್ಟ ಮಳೆಯನ್ನು ಡೌನ್‌ಲೋಡ್ ಮಾಡಿಕೊಂಡ.

ಇಷ್ಟಾದರೂ ಶ್ರಮ ಸುಳ್ಳಲ್ಲ. 1983ರಲ್ಲಿ ಬಂದ ಮಿಡಿ ಎಂಬ ಏರ್ಪಾಡು ಕೀಲಿಯನ್ನು ಎಷ್ಟು ರಭಸವಾಗಿ ಒತ್ತಿದಿರಿ ಎಂಬುದನ್ನು 127ರವರೆಗಿನ ಅಂಕಿಗಳಲ್ಲಿ ಬರೆದಿಡುತ್ತದೆ. ಇವನ ಭಾವಪ್ರಪಂಚವೆಲ್ಲ ಈ ಅಂಕಿಗಳಲ್ಲಿ ನಡೆಯುತ್ತದೆ. ಅವಳು ಮೆಸೇಜು ನೋಡಿಯೂ ಉತ್ತರಿಸದಿದ್ದರೆ 64. ಫೋಟೋ ತೆಗೆದುಹಾಕಿದರೆ 41. ಕೋಪ ಬಂದರೆ 120 ದಾಟುತ್ತದೆ, ಪಕ್ಕದ ಮನೆ ಮಗು ಎದ್ದು ಅಳುತ್ತದೆ. ರಾತ್ರಿ ಎರಡು ಗಂಟೆಗೆ ಒಂದೇ ಒಂದು ಸ್ವರವನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ, ಕೇಳಿ, ಮುಂದೆ ಸರಿಸಿ, ಮತ್ತೆ ಕೇಳುವ ಇವನನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕಾಲದಲ್ಲಿ ಪ್ರೀತಿ ಮುರಿದರೆ ಗಡ್ಡ ಬಿಡುತ್ತಿದ್ದೆವು, ಅದರಲ್ಲಿ ಇಷ್ಟು ಕುಸುರಿ ಇರಲಿಲ್ಲ.

ಕೃತಿ ಮುಗಿದ ಮೇಲೆ ಮನೆಯವರಿಗೆ ಕೇಳಿಸುವ ಶಾಸ್ತ್ರ. ಅಜ್ಜಿ ಹೆಡ್‌ಫೋನು ಹಾಕಿಕೊಂಡು ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಮುಗಿದಮೇಲೂ ಕಣ್ಣು ತೆರೆಯಲಿಲ್ಲ. ಮೊಮ್ಮಗನಿಗೆ ಗಂಟಲು ಕಟ್ಟಿತು. ಆಮೇಲೆ ಅಜ್ಜಿ ಮೆಲ್ಲಗೆ, ‘ಹಾಡು ಯಾವಾಗ ಶುರುವಾಗತ್ತೋ?’ ಅಂದರು.

ಅಪ್ಪನದು ಬೇರೆ ಬಗೆಯ ಹಿಂಸೆ. ಪ್ರತಿ ವರ್ಷ ಚಾಮರಾಜಪೇಟೆಯ ರಾಮನವಮಿ ಕಚೇರಿಗಳಲ್ಲಿ ತೊಡೆ ತಟ್ಟಿ ತಟ್ಟಿ ಕೈ ಪಳಗಿದವರು.

‘ಯಾವ ರಾಗವೋ?’

‘ರಾಗ ಅಂತೆಲ್ಲ ಇಲ್ಲಪ್ಪ. ನನ್ನ ಫೀಲಿಂಗು. ಡಿ ಮೈನರ್.’

ಅಪ್ಪ ಎರಡು ಸಲ ಗುನುಗಿದರು. ‘ನಠಭೈರವಿ ಅನ್ನು. ಇಪ್ಪತ್ತನೇ ಮೇಳ.’

ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ ಎಪ್ಪತ್ತೆರಡು ಮೇಳಗಳ ಲೆಕ್ಕ ಹಾಕಿಟ್ಟ. ಜಗತ್ತಿನಲ್ಲಿ ಯಾರಿಗೂ ಆಗದಂಥ ತನ್ನ ದುಃಖ ಆ ಪಟ್ಟಿಯಲ್ಲಿ ಆಗಲೇ ನಂಬರು ಪಡೆದು ಕೂತಿದೆ ಎಂಬ ಸುದ್ದಿ ಹುಡುಗನಿಗೆ ಬ್ರೇಕಪ್ಪಿಗಿಂತ ಜೋರಾಗಿ ಬಡಿಯಿತು. ವಾರಗಟ್ಟಲೆ ಕೂತು ಎಲ್ಲ ಕಲಕಿ, ನಿಷಾದವನ್ನು ಏರಿಸಿ, ಹಾರ್ಮೊನಿಕ್ ಮೈನರ್‌ನಲ್ಲಿ ಹೊಸದಾಗಿ ಮಾಡಿ ತಂದ. ಅಪ್ಪ ಕೇಳಿ ಬೆನ್ನು ತಟ್ಟಿದರು. ‘ಭೇಷ್! ಕೀರವಾಣಿ. ಇಪ್ಪತ್ತೊಂದು. ಒಂದು ಮೆಟ್ಟಿಲು ಹತ್ತಿದೀಯ.’

ಇಂಥ ಕೆಲಸಗಳಿಗೆ ಇನ್ನೊಂದು ತೊಡಕುಂಟು. ದುಃಖಕ್ಕೆ ಆಯುಷ್ಯ ಕಡಿಮೆ, ಮಿಕ್ಸಿಂಗಿಗೆ ಜಾಸ್ತಿ. ‘ಫೈನಲ್’, ‘ಫೈನಲ್ ಟೂ’, ‘ನಿಜವಾದ ಫೈನಲ್’ ಎಂದು ಫೈಲುಗಳು ಬೆಳೆಯುತ್ತ ಹೋಗಿ, ಕೃತಿ ಹೊರಬರುವ ಹೊತ್ತಿಗೆ ಆಫೀಸಿನಲ್ಲಿ ಇನ್ನೊಬ್ಬಳು ನಕ್ಕಿರುತ್ತಾಳೆ. ಅವಳು ಕೇಳಿ, ‘ತುಂಬ ಚೆನ್ನಾಗಿದೆ, ಯಾರ ಬಗ್ಗೆ?’ ಅನ್ನುತ್ತಾಳೆ.

‘ಆಗುಂಬೆ ಬಗ್ಗೆ’ ಅಂದುಬಿಟ್ಟ.

ಅಂದು ರಾತ್ರಿಯೇ ‘ಅವಳು ಹೋದ ಬಸ್ಸು’ ಎಂಬುದು ‘ಆಗುಂಬೆಯಲ್ಲಿ ಸೂರ್ಯಾಸ್ತ’ವಾಯಿತು. ಒಂದು ಸ್ವರವನ್ನೂ ಮುಟ್ಟಬೇಕಾಗಲಿಲ್ಲ. ಮಾತಿಲ್ಲದ ಸಂಗೀತದ ಈ ಅನುಕೂಲ ಯಾವ ಕವಿಗೂ ಇಲ್ಲ. ಕೆಣಕಿದರೆ ಬೀಥೋವನ್ನನನ್ನು ಮುಂದೆ ತರುತ್ತಾನೆ. ಮೂರನೇ ಸಿಂಫನಿಗೆ ಬೋನಪಾರ್ಟೆಯ ಹೆಸರಿಟ್ಟಿದ್ದ ಆ ಮಹಾನುಭಾವ, 1804ರಲ್ಲಿ ನೆಪೋಲಿಯನ್ ಚಕ್ರವರ್ತಿ ಪಟ್ಟಕ್ಕೇರಿದ್ದು ಕೇಳಿ, ಕಾಗದ ತೂತಾಗುವ ಹಾಗೆ ಆ ಹೆಸರನ್ನು ಕೆರೆದುಹಾಕಿದ. ಮುಂದೆ ಅದು ‘ಎರೋಯಿಕ’ ಆಗಿ ಅಚ್ಚಾಯಿತು. ‘ಅವನಿಗೂ ಮನಸ್ಸು ಮುರಿದಿತ್ತಲ್ವಾ ಅಂಕಲ್?’ ಮುರಿದಿತ್ತಪ್ಪ. ಆದರೆ ಅವನು ಆಗುಂಬೆ ಅನ್ನಲಿಲ್ಲ.

ಹೊರಬಿಟ್ಟ ಮೇಲೆ ಲೆಕ್ಕ ನೋಡುವ ರೋಗ ಶುರು. ಆ್ಯಪಿನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಒಂದು ಎಣಿಕೆ. ಇವನ ಕೃತಿಯಲ್ಲಿ ಮೊದಲ ನಲವತ್ತು ಸೆಕೆಂಡು ಬರೀ ಮೌನ, ಸ್ವಲ್ಪ ಗಾಳಿ. ಜನ ಫೋನು ಕೆಟ್ಟಿದೆಯೆಂದು ಮುಂದಿನದಕ್ಕೆ ಹೋಗುತ್ತಾರೆ. ಗೆಳೆಯರು ಗಾಳಿಯನ್ನು ಕತ್ತರಿಸು ಎಂದರೆ, ‘ಅದೇ ಕಣೋ ಎಮೋಷನ್ನು’ ಅನ್ನುತ್ತಾನೆ.

ಕಡೆಗೆ ಅದಕ್ಕೆ ಕೇಳುಗರನ್ನು ಒದಗಿಸಿದವನು ಮದುವೆ ವಿಡಿಯೋ ಮಾಡುವ ಸೋದರತ್ತೆ ಮಗ. ಕೇಳದೆಯೇ ಎತ್ತಿಕೊಂಡು, ಗಾಳಿಯನ್ನು ಕತ್ತರಿಸಿ, ವೇಗ ಹೆಚ್ಚಿಸಿ, ತುಮಕೂರಿನ ಒಂದು ಸೀಮಂತಕ್ಕೆ ಅಂಟಿಸಿದ. ಬಳೆ ತೊಡಿಸುವಲ್ಲಿ ಚೆಲ್ಲೋ ಸರಿಯಾಗಿ ಕೂತಿತು. ಬಂಧುಬಳಗವೆಲ್ಲ ನೋಡಿ, ಹಂಚಿ, ಸೀರೆಯ ಬಣ್ಣ ಹೊಗಳಿತು. ನಮ್ಮ ಹುಡುಗ ಎರಡು ದಿನ ಊಟ ಬಿಟ್ಟು, ಮೂರನೇ ದಿನ ಫೋನು ಮಾಡಿದ.

‘ನನ್ನ ಹೆಸರಾದ್ರೂ ಹಾಕಿದೀಯೇನೋ?’

‘ಹಾಕದೆ ಇರ್ತೀನಾ ಭಾವ? ಕೊನೇಲಿ ನೋಡು, ಕೇಟರಿಂಗ್‌ನವರ ಕೆಳಗೆ.’