ಅಳಿಯಕಟ್ಟಿನ ಹೋಟೆಲು

ದಕ್ಷಿಣ ಬೆಂಗಳೂರಿನ ಒಂದು ಬಸ್‌ಸ್ಟಾಪಿನ ಎದುರು ಹನ್ನೆರಡು ಟೇಬಲ್ಲಿನ ಹೋಟೆಲೊಂದಿದೆ. ಹೆಸರು ಹೇಳಿದರೆ ನಾಳೆ ನನಗೆ ಅಲ್ಲಿ ಕಾಫಿ ಹುಟ್ಟಲಿಕ್ಕಿಲ್ಲ, ಬಿಡಿ. ಒಳಗೆ ಕಾಲಿಟ್ಟರೆ ಎಡಕ್ಕೆ ಗಲ್ಲಾ, ಗಲ್ಲಾದ ಹಿಂದೆ ಉಡುಪಿ ಕೃಷ್ಣನ ಫೋಟೊ, ಫೋಟೊದ ಕೆಳಗೆ ಮಾವ. ಟೋಕನ್ ಹರಿಯುವವನಿಗೂ ಅವರು ಮಾವ, ಕಾಫಿ ಬೆರೆಸುವವನಿಗೂ ಮಾವ. ಕೇಳಿ ಕೇಳಿ ಅಭ್ಯಾಸವಾದ ಹಳೇ ಗಿರಾಕಿಗಳೂ “ಮಾವ, ಚಟ್ನಿ ಇವತ್ತು ನೀರು” ಅನ್ನುತ್ತಾರೆ. ಇಡೀ ಕಟ್ಟಡದಲ್ಲಿ ಅವರನ್ನು “ಧಣಿ” ಎಂದು ಕರೆಯುವವನು ಒಬ್ಬನೇ, ಕಾವಲಿಯ ಮುಂದೆ ನಿಂತ ಒಡಿಶಾದ ಹುಡುಗ. ಅವನು ಯಾರ ಅಳಿಯನೂ ಅಲ್ಲ. ಆದ್ದರಿಂದ ದೋಸೆ ಹೊಯ್ಯುತ್ತಾನೆ.

ನಾನು ಅಳಿಯನಾದದ್ದು 1999ರಲ್ಲಿ, ಪಿಯುಸಿ ಮುಗಿಸಿ ಡಿಗ್ರಿಗೆಂದು ಊರಿನಿಂದ ಬಂದಾಗ. ಸಂಬಂಧ ತೀರಾ ಹತ್ತಿರದ್ದು: ನನ್ನಮ್ಮನ ಚಿಕ್ಕಮ್ಮನ ಮಗನ ಹೆಂಡತಿ ಮಾವನ ಹೆಂಡತಿಗೆ ದೊಡ್ಡಪ್ಪನ ಮಗಳು. ಈ ಲೆಕ್ಕದಲ್ಲಿ ನಿಮಗೆ ದಾರಿ ತಪ್ಪಿದ್ದರೆ ಚಿಂತೆಯಿಲ್ಲ. ಮಾವ ನೋಟು ಎಣಿಸುತ್ತಲೇ ಎರಡು ಸೆಕೆಂಡಿನಲ್ಲಿ ಅದನ್ನು ಬಿಡಿಸಿ, “ಹಾಗಾದ್ರೆ ನೀ ನಂಗೆ ಅಳಿಯನೇ ಆಯ್ತಲ್ಲ ಮಾರಾಯ, ನಾಳೆಯಿಂದ ಬೆಳಿಗ್ಗೆ ಟೋಕನ್ನಿಗೆ ಕೂತ್ಕೊ” ಎಂದರು. ಸಂದರ್ಶನ ಮುಗಿದಿತ್ತು.

ಮೂರನೆಯ ದಿನ ನಾನು ಖಾಲಿ ದೋಸೆಯ ದುಡ್ಡಿಗೆ ಮಸಾಲೆ ದೋಸೆಯ ಟೋಕನ್ ಹರಿದು ಕೊಟ್ಟೆ. ಒಬ್ಬರಿಗಲ್ಲ, ಇಪ್ಪತ್ತಾರು ಜನಕ್ಕೆ. ಸಂಜೆ ಲೆಕ್ಕ ಕೂಡದೆ ವಿಷಯ ಹೊರಬಿತ್ತು. ಹೊರಗಿನವನಾಗಿದ್ದರೆ ಅವತ್ತೇ ಬಸ್ಸು ಹತ್ತಿಸುತ್ತಿದ್ದರು. ನನ್ನನ್ನು ಸೂಪರ್‌ವೈಸರ್ ಮಾಡಿದರು. ಆ ಹೋಟೆಲಿನಲ್ಲಿ ಕೆಲಸ ಬಾರದವರಿಗೆ ಬಡ್ತಿಯೇ ಆಗಬೇಕು, ಏಕೆಂದರೆ ಹಿಂಬಡ್ತಿ ಕೊಟ್ಟರೆ ಸುದ್ದಿ ಊರಿಗೆ, ಸಾಲಿಗ್ರಾಮಕ್ಕೆ ಹೋಗಿ, ಅಲ್ಲಿಂದ ಯಾರದೋ ಅಮ್ಮನ ಕಣ್ಣೀರಾಗಿ ಫೋನಿನಲ್ಲಿ ವಾಪಸು ಬರುತ್ತದೆ.

ಹೊರಗಿನವರನ್ನು ಯಾಕೆ ಇಟ್ಟುಕೊಳ್ಳುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ಮಾವ ಹೆಬ್ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತಿ, ನೋಟಿನ ಕಟ್ಟು ಬದಿಗಿಟ್ಟು, ನನ್ನನ್ನು ನೋಡಿದರು. “ಕಾಣ್ ಮಾಣಿ, ಹೊರಗಿನವ ಕದ್ರೆ ದುಡ್ಡು ಹೋದದ್ದು ಹೋಯ್ತು. ಅಳಿಯ ಕದ್ರೆ ಎಲ್ಲಿಗೆ ಹೋಗ್ತದೆ? ತಂಗಿ ಮನೆಗೇ ಅಲ್ದಾ? ಹೇಗೂ ದೀಪಾವಳಿಗೆ ಕಳಿಸ್ಬೇಕು. ಮೊದ್ಲೇ ಹೋಯ್ತು ಅಂತ ಬರ್ಕೊಂಡ್ರಾಯ್ತು.”

ಹಾಗೆ ಬರೆದುಕೊಳ್ಳಲು ಕೆಂಪು ರಟ್ಟಿನ ಒಂದು ಪುಸ್ತಕವೂ ಇತ್ತು. ಅಳಿಯಂದಿರಿಗೆ ಸಂಬಳ ಎಂದು ಯಾರೂ ಅನ್ನುವುದಿಲ್ಲ, ‘ಕೈಖರ್ಚು’. ಅದು ಹುಡುಗನ ಕೈಗೆ ಬರುವುದೂ ಇಲ್ಲ. ಊರಿನಲ್ಲಿ ಅವನಮ್ಮನ ಹೆಸರಿಗೆ ಹೋಗುತ್ತದೆ, ಮಗ ಕಳಿಸಿದ್ದೋ ಅಣ್ಣ ಕೊಟ್ಟದ್ದೋ ಎಂದು ಅವಳಿಗೂ ಸರಿಯಾಗಿ ತಿಳಿಯದ ಹಾಗೆ. ತಿಂದ ತಿಂಡಿಗೆ ಮಾತ್ರ ಬಿಲ್ಲಿಲ್ಲ. ಅಳಿಯ ತಿಂದರೂ, ಅಳಿಯನ ಗೆಳೆಯ ತಿಂದರೂ, ಊರಿನಿಂದ ಬಂದ ಪುರೋಹಿತರು ತಿಂದರೂ ಕೆಂಪು ಪುಸ್ತಕದಲ್ಲಿ ‘ಮ.ಲೆ.’ ಎಂದು ಎರಡಕ್ಷರ ಬೀಳುತ್ತದೆ. ಮನೆ ಲೆಕ್ಕ. ಇಪ್ಪತ್ತು ವರ್ಷಗಳ ಮೇಲೂ ನಾನು ಆ ಎರಡಕ್ಷರದ ಬಲದಲ್ಲೇ ಅಲ್ಲಿ ಕಾಫಿ ಕುಡಿಯುತ್ತಿದ್ದೆ.

ನಮ್ಮ ಕರಾವಳಿಯಲ್ಲಿ ಎರಡು ಕಟ್ಟುಗಳಿವೆ. ಆಸ್ತಿ ಮಕ್ಕಳಿಗೆ ಹೋದರೆ ಮಕ್ಕಳಕಟ್ಟು, ತಂಗಿಯ ಮಕ್ಕಳಿಗೆ ಹೋದರೆ ಅಳಿಯಕಟ್ಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಕಟ್ಟಿನ ಹಿಡಿತ ಸಡಿಲವಾಯಿತು, ಅದು ಬೇರೆ ಮಾತು. ಮಾವನದು ಹುಟ್ಟಾ ಮಕ್ಕಳಕಟ್ಟು. ಜನಿವಾರ ಹಿಡಿದು ಹೇಳಿಯಾರು. ಆದರೆ ಹೋಟೆಲಿನ ಮಟ್ಟಿಗೆ ಅವರು ನಡೆಸಿದ್ದು ಅಪ್ಪಟ ಅಳಿಯಕಟ್ಟು. ತಮ್ಮಂದಿರ ಮಕ್ಕಳನ್ನು ಯಾಕೆ ಸೇರಿಸಲಿಲ್ಲ ಎಂಬುದಕ್ಕೂ ಅವರಲ್ಲಿ ಕಾರಣವಿತ್ತು. ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ ಇಡೀ ಹೋಟೆಲಿಗೆ ಹತ್ತು ದಿನ ಸೂತಕ. ಅಳಿಯಂದಿರದು ಬೇರೆ ಗೋತ್ರ. “ಬೆಳಿಗ್ಗೆ ಸ್ನಾನ ಮಾಡಿ ಇಡ್ಲಿ ಬೇಯಿಸ್ಬಹುದು.” ಮನುಧರ್ಮಶಾಸ್ತ್ರವನ್ನು ಡ್ಯೂಟಿ ಚಾರ್ಟಿಗೆ ಇಳಿಸಿದವರು ಅವರೊಬ್ಬರೇ ಇರಬೇಕು.

ಮದುವೆಗಳಿಗೆ ಮಾತ್ರ ಪರಿಹಾರವಿರಲಿಲ್ಲ. ಒಬ್ಬ ಅಳಿಯನ ಮದುವೆಯೆಂದರೆ ಉಳಿದ ಅಷ್ಟೂ ಅಳಿಯಂದಿರು ರಾತ್ರಿ ಬಸ್ಸಿಗೆ. ಮೇ ತಿಂಗಳಲ್ಲಿ ಬಾಗಿಲು ಹಾಕಿದ ಹೋಟೆಲಿನ ಮುಂದೆ ಗಿರಾಕಿಗಳು ನಿಂತು, ಈ ಸಲ ಯಾರದಂತೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಹನ್ನೆರಡು ಟೇಬಲ್ಲಿಗೆ ಎಷ್ಟು ಅಳಿಯಂದಿರು ಬೇಕು? ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು. ಇಪ್ಪತ್ತಾದರೆ ಭವಿಷ್ಯನಿಧಿಯ ಕಾನೂನು ಬಂದು ಕೂರುತ್ತದೆಂದು ಮಾವನಿಗೆ ಯಾರೋ ಹೇಳಿದ್ದರು. ಇಪ್ಪತ್ತನೆಯವನು, ಇಪ್ಪತ್ತೊಂದನೆಯವನು ಊರಿನಿಂದ ಬಂದರೆ ಅವರು ನೆಂಟರು. ನಾಲ್ಕು ವರ್ಷದಿಂದ ಉಳಿದುಕೊಂಡ ನೆಂಟರೂ ಇದ್ದರು. ಇಷ್ಟು ಜನಕ್ಕೆ ಕೆಲಸ ಹುಡುಕುವುದೇ ಮಾವನ ದೊಡ್ಡ ಕೆಲಸ. ಟೋಕನ್ ಹರಿಯುವವನೊಬ್ಬ. ಅವನು ಹರಿದದ್ದನ್ನು ಎಣಿಸುವವನೊಬ್ಬ. ಕೈ ತೊಳೆಯುವ ಬೇಸಿನ್ನಿನಲ್ಲಿ ಯಾರೂ ಕಾಲು ತೊಳೆಯದಂತೆ ನೋಡಿಕೊಳ್ಳಲೆಂದೇ ಒಬ್ಬ. ಯಶವಂತಪುರದ ಯಾರ್ಡಿಗೆ ಈರುಳ್ಳಿ ತರಲು ಹೋಗುವವನು ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಮ್ಯಾಟಿನಿ ಮುಗಿದ ಮೇಲೆ ಬರುತ್ತಿದ್ದ. ಇವರೆಲ್ಲರ ತಲೆಯ ಮೇಲೆ, ಗೋಡೆಯಲ್ಲಿ, ಹಳದಿ ಬಣ್ಣದ ಬೋರ್ಡು: ‘ಕೆಲಸಗಾರರು ಬೇಕಾಗಿದ್ದಾರೆ. ಊಟ ವಸತಿ ಇದೆ.’ ನಾನು ಸೇರಿದ ದಿನವೂ ಅದು ಅಲ್ಲೇ ಇತ್ತು.

ಕೆಲಸದಿಂದ ತೆಗೆಯುವುದು? ಆ ಪದವೇ ಅಲ್ಲಿಲ್ಲ. ತೀರಾ ಸಹಿಸಲಾಗದ ಅಳಿಯನಿಗೆ ಮಾವ ಬೇರೆ ಬಡಾವಣೆಯಲ್ಲಿ ಮಳಿಗೆ ಹುಡುಕಿ, ಅಡ್ವಾನ್ಸ್ ಕೊಟ್ಟು, ಎರಡು ಗ್ರೈಂಡರ್ ಕೊಡಿಸಿ, ತೆಂಗಿನಕಾಯಿ ಒಡೆದು, “ಇನ್ನು ನೀ ಸ್ವತಂತ್ರ” ಎನ್ನುತ್ತಿದ್ದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ಎಂಟಿಆರ್ ಆಯಿತು, 1943ರಲ್ಲಿ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ಬಂತು. ಹೀಗೆ ನಮ್ಮ ಕರಾವಳಿಯವರು ಊರೂರಿಗೆ ದೋಸೆ ಹಬ್ಬಿಸಿದ್ದನ್ನು ಸಾಹಸದ ಕಥೆಯೆಂದು ಎಲ್ಲರೂ ಹೇಳುತ್ತಾರೆ. ಅವರ ಮಾತು ಬೇರೆ. ಆದರೆ ಆಮೇಲೆ ಹುಟ್ಟಿದ ಬ್ರಾಂಚುಗಳಲ್ಲಿ ಅರ್ಧದಷ್ಟಾದರೂ ಅಳಿಯನನ್ನು ಬಿಡಿಸುವ ಬಾಯಿಲ್ಲದೆ ಹುಟ್ಟಿದವು ಎಂದು ನನ್ನ ಬಲವಾದ ಗುಮಾನಿ. ಮಾವನೊಬ್ಬರೇ ಹಾಗೆ ಮೂವರನ್ನು ತೊಲಗಿಸಿ ಮೂರು ಹೋಟೆಲು ಮಾಡಿದ್ದಾರೆ. ಅವುಗಳಲ್ಲಿ ಎರಡು ಇವರದಕ್ಕಿಂತ ಚೆನ್ನಾಗಿ ನಡೆಯುತ್ತಿವೆ.

ಹಾಗಾದರೆ ಮಾವನಿಗೆ ಮಕ್ಕಳಿರಲಿಲ್ಲವೇ? ಇದ್ದರು. ಇಲ್ಲಿ ಭೂತಾಳಪಾಂಡ್ಯನ ಕಥೆ ನೆನಪಿಸಿಕೊಳ್ಳಬೇಕು. ಅವನ ಸೋದರಮಾವನ ಹಡಗು ನೀರಿಗಿಳಿಯಬೇಕಾದರೆ ಕುಂಡೋದರನೆಂಬ ಭೂತಕ್ಕೆ ನರಬಲಿ ಬೇಕಾಯಿತಂತೆ. ಮಗನನ್ನು ಕೊಡಲು ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಆಸ್ತಿಯೆಲ್ಲ ಅಳಿಯನಿಗಾಯಿತು. ಅಳಿಯಕಟ್ಟು ಹುಟ್ಟಿದ್ದೇ ಹೀಗೆ ಎನ್ನುತ್ತಾರೆ. ಮಾವನ ಮನೆಯಲ್ಲಿ ನಡೆದದ್ದೂ ಇದೇ. ಮಗನನ್ನು ಹೋಟೆಲಿಗೆ ಕೊಡಲು ಅತ್ತೆ ಸುತರಾಂ ಒಪ್ಪಲಿಲ್ಲ. ನಾದಿನಿಯರು ಒಪ್ಪಿದರು. ಸಾಲಾಗಿ ಒಪ್ಪಿದರು.

ಹಾಗೆ ಉಳಿದ ಮಗನನ್ನು ಬೆಳೆಸಿದ ಕ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಅಮ್ಮನ ಕಸುಬಿನಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಕೈಜೋಡಿಸಬಹುದೆಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೇ ಹೇಳುತ್ತದೆ. ಆದರೆ ಅದಕ್ಕೆ ಎಷ್ಟೋ ಮುಂಚಿನ ಆ ಕಾಲದಲ್ಲಿ ಮಾವನ ಮಗನಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಅನುಮತಿಯಿರಲಿಲ್ಲ. ಬೆಳಿಗ್ಗೆ ಐದಕ್ಕೆ ಫಿಸಿಕ್ಸ್ ಟ್ಯೂಷನ್, ಸಂಜೆ ಮ್ಯಾತ್ಸ್, ನಡುವೆ ಸಿಇಟಿಯ ಹಳೇ ಪ್ರಶ್ನೆಪತ್ರಿಕೆಗಳು. ಹಾಲು ತೆಗೆದುಕೊಂಡು ಮಹಡಿ ಹತ್ತಲು ಒಬ್ಬ ಅಳಿಯನನ್ನು ನೇಮಿಸಿದ್ದರು. ಓದು ಸ್ವಲ್ಪ ಸಡಿಲವಾದರೆ ಮಾವ ಮಗನನ್ನು ಕೆಳಗೆ ಕರೆಸಿ, ಲೋಟ ತೊಳೆಯುವ ಜಾಗದ ಮುಂದೆ ನಿಲ್ಲಿಸಿ, “ಓದದಿದ್ರೆ ಕಡೆಗೆ ಇದೇ ಗತಿ” ಎಂದು ತೋರಿಸುತ್ತಿದ್ದರು. ಇದೇ ಗತಿಯಲ್ಲಿದ್ದ ಇಬ್ಬರು ಅಳಿಯಂದಿರು ಲೋಟ ಹಿಡಿದುಕೊಂಡೇ ತಲೆಯಾಡಿಸುತ್ತಿದ್ದರು. ಅವರಲ್ಲೊಬ್ಬ ಬಿ.ಕಾಂ. ಪಾಸಾದವ.

ಮಗ ಓದಿದ. ಚೆನ್ನಾಗಿಯೇ ಓದಿದ. ಈಗ ಟೆಕ್ಸಾಸಿನಲ್ಲಿದ್ದಾನೆ. ಅಪ್ಪನಿಗೆ ವಾರಕ್ಕೊಮ್ಮೆ ಫೋನು, ಮಾತು ಮೂರು ನಿಮಿಷ, ಬಿಪಿ ಮಾತ್ರೆಯ ಬಗ್ಗೆ. ಅದಲ್ಲದೆ ಇನ್ನೊಂದು ಕರೆ ಬರುತ್ತದೆ. ಅದು ಗಲ್ಲಾಕ್ಕಲ್ಲ, ನೇರ ಅಡುಗೆಮನೆಗೆ. ಅಲ್ಲಿಯ ಚಳಿಗೆ ಹಿಟ್ಟು ಹುಳಿಬರುವುದಿಲ್ಲ, ಮೆಂತೆ ಎಷ್ಟು ಹಾಕಬೇಕು, ಅವಲಕ್ಕಿ ಯಾವಾಗ ಸೇರಿಸಬೇಕು ಎಂದು ಅವನು ಕೇಳುವುದು ಆ ಒಡಿಶಾದ ಹುಡುಗನನ್ನು. ಅವನೋ ಹನ್ನೊಂದು ವರ್ಷ ಅಳಿಯಂದಿರ ನಡುವೆ ಇದ್ದು ಕಲಿತ ಅಚ್ಚ ಕುಂದಾಪುರದ ಕನ್ನಡದಲ್ಲಿ, “ಹ್ವಾಯ್, ಒಲೆ ಹತ್ರ ಇಡಿ ಮಾರಾಯ್ರೆ” ಎಂದು ಫೋನಿನ ಕ್ಯಾಮೆರಾವನ್ನು ರುಬ್ಬಿದ ಹಿಟ್ಟಿನ ಕಡೆ ತಿರುಗಿಸಿ, ಸೌಟಿನಲ್ಲಿ ಎತ್ತಿ ಸುರಿದು ಹದ ತೋರಿಸುತ್ತಾನೆ. ಮಾವ ಇದನ್ನು ಗಲ್ಲಾದಿಂದ ನೋಡುತ್ತಾರೆ. ಏನೂ ಹೇಳುವುದಿಲ್ಲ.

ಮಗಳ ವಿಷಯ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಹೆಣ್ಣುಮಗಳು ಗಲ್ಲಾದ ಮೇಲೆ ಕೂತರೆ ಚೆಂದವಲ್ಲವೆಂದು ಅವಳಿಗೆ ಕೂತುಕೊಳ್ಳಲು ಕೊಡಲಿಲ್ಲ, ಅಷ್ಟೇ. ಅವಳು ಮಹಡಿಯ ಮೇಲೆ ಕೂತು ಚಾರ್ಟರ್ಡ್ ಅಕೌಂಟೆಂಟ್ ಆದಳು. ಒಂದು ಭಾನುವಾರ ಕೆಂಪು ಪುಸ್ತಕ ಅವಳ ಕೈಗೆ ಸಿಕ್ಕಿತು. ನಾನು ಎದುರಿಗೇ ಮ.ಲೆ. ಕಾಫಿ ಕುಡಿಯುತ್ತಿದ್ದೆ.

ಅವಳು ಪುಟ ತಿರುವುತ್ತ ಹೋದ ಹಾಗೆ ಮಾವ ಮೊದಲೇ ರಕ್ಷಣೆಗೆ ನಿಂತರು. ಸಂಬಂಧಿಕರಿಗೆ ಅತಿಯಾಗಿ ಕೊಟ್ಟರೆ ಆದಾಯ ತೆರಿಗೆಯವರು ಆ ಖರ್ಚನ್ನು ಒಪ್ಪುವುದಿಲ್ಲವೆಂದು ಎಲ್ಲೋ ಕೇಳಿ ಹೆದರಿದ್ದರು. “ಎಲ್ಲ ಸಂಬಂಧಿಕರೇ, ಒಪ್ಕೊಳ್ತೆ. ಆದ್ರೆ ಯಾರಿಗೂ ಜಾಸ್ತಿ ಕೊಟ್ಟದ್ದಿಲ್ಲ.”

“ಇದರಲ್ಲಿ ಸಂಬಂಧಿಕರು ಒಬ್ಬರೂ ಇಲ್ಲ ಅಪ್ಪ” ಎಂದಳು.

ಮಾವನ ಕನ್ನಡಕ ಮೂಗಿನ ತುದಿಗೆ ಬಂತು.

“1961ರ ಕಾಯ್ದೆಯಲ್ಲಿ ಬರೆದಿದ್ದಾರೆ. ಸಂಬಂಧಿ ಅಂದರೆ ಗಂಡ, ಹೆಂಡತಿ, ಅಣ್ಣತಮ್ಮ, ಅಕ್ಕತಂಗಿ. ಮೇಲೆ ಹೋದರೆ ಅಪ್ಪ ಅಮ್ಮ ಅಜ್ಜ, ಕೆಳಗೆ ಬಂದರೆ ಮಕ್ಕಳು ಮೊಮ್ಮಕ್ಕಳು. ಅಳಿಯ ಇಲ್ಲ.”

“ತಂಗಿ ಮಗ ಇಲ್ವಾ?”

“ತಂಗಿ ಇದ್ದಾಳೆ. ತಂಗಿ ಮಗ ಇಲ್ಲ.”

ಮಾವ ಸುತ್ತಲೂ ನೋಡಿದರು. ಟೋಕನ್ ಹರಿಯುವವನನ್ನು, ಎಣಿಸುವವನನ್ನು, ಬೇಸಿನ್ ಕಾಯುವವನನ್ನು, ನಾಲ್ಕು ವರ್ಷದ ನೆಂಟನನ್ನು. ಮೂವತ್ತು ವರ್ಷ ಸಾಕಿದ ಬಳಗವನ್ನು ಸರಕಾರ ಒಂದೇ ಏಟಿಗೆ ದಾರಿಹೋಕರ ಪಟ್ಟಿಗೆ ಸೇರಿಸಿತ್ತು.

“ಹಾಗಾದ್ರೆ ಈ ಹೋಟ್ಲಿಗೆ ಸಂಬಂಧಿಕರು ಯಾರು?”

“ನಾನು” ಎಂದಳು. ಆಮೇಲೆ, “ಅಮ್ಮ, ಅಣ್ಣ.”

ಗಲ್ಲಾದ ಬಳಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೇಸಿನ್ನಿನ ಹತ್ತಿರ ಯಾರೋ ನಿಶ್ಚಿಂತೆಯಿಂದ ಕಾಲು ತೊಳೆದುಕೊಂಡು ಹೋದರು.

ಅದಾದ ಮೇಲೆ ಬದಲಾವಣೆ ಏನೂ ಆಗಲಿಲ್ಲ ಎಂದುಕೊಂಡಿದ್ದೆ. ಹಳದಿ ಬೋರ್ಡು ಅಲ್ಲೇ ಇದೆ. ಅಳಿಯಂದಿರು ಮಾತ್ರ ತಾವಾಗಿಯೇ ಕಡಿಮೆಯಾಗುತ್ತಿದ್ದಾರೆ. ಊರಿನಲ್ಲಿ ತಂಗಿಯಂದಿರೂ ಈಗ ತಮ್ಮ ಮೊಮ್ಮಕ್ಕಳಿಗೆ ಟ್ಯೂಷನ್ ಹಾಕಿಸಿದ್ದಾರೆ, ಅಲ್ಲಿಯೂ ಬೆಳಿಗ್ಗೆ ಐದಕ್ಕೆ ಅಲಾರಾಂ ಹೊಡೆಯುತ್ತದೆ. ಭಾನುವಾರ ಗಲ್ಲಾದ ಮೇಲೆ ಮಗಳು ಕೂರುತ್ತಾಳೆ. ಚೆಂದ ಕಾಣುತ್ತದೋ ಇಲ್ಲವೋ, ಲೆಕ್ಕ ಕೂಡುತ್ತದೆ.

ಹೋದ ಏಪ್ರಿಲ್ಲಿನಲ್ಲಿ ಒಂಬತ್ತನೇ ಕ್ಲಾಸು ಮುಗಿಸಿದ ನನ್ನ ಮಗನನ್ನು ಕರೆದುಕೊಂಡು ಹೋಗಿದ್ದೆ. ಗಲ್ಲಾದ ಮೇಲೆ ಅವತ್ತು ಮಾವನೇ ಇದ್ದರು. ದೋಸೆ ತಿಂದು ಎದ್ದಾಗ ಹುಡುಗನನ್ನು ಮೇಲಿನಿಂದ ಕೆಳಗೆ ಅಳೆದು, ಅವರ ಮುಖ ಅರಳಿತು. “ಒಳ್ಳೇ ಎತ್ತರ ಬೆಳ್ದಿದ್ದ. ರಜೆ ಅಲ್ದಾ? ನಾಳೆಯಿಂದ ಕಳ್ಸು, ಬೆಳಿಗ್ಗೆ ಎರಡು ಗಂಟೆ ಟೋಕನ್ನಿಗೆ ಕೂರ್ಲಿ. ಕಲೀತಾನೆ.”

ನಾನು ಬಾಯಿ ತೆರೆದೆ. ಒಳಗಿನಿಂದ ಬಂದದ್ದು ಅತ್ತೆಯ ದನಿ.

“ಇಲ್ಲ ಮಾವ, ಇವನಿಗೆ ಬೆಳಿಗ್ಗೆ ಕೋಡಿಂಗ್ ಕ್ಲಾಸ್ ಉಂಟು. ಸಂಜೆ ಜೆಇಇ ಫೌಂಡೇಶನ್.”

“ಓದ್ಲಿ ಓದ್ಲಿ” ಎಂದರು ಮಾವ. “ಒಳ್ಳೇದು.” ಕೈ ಕೆಂಪು ಪುಸ್ತಕದ ಕಡೆ ಹೊರಟಿತ್ತು. ಅರ್ಧದಲ್ಲಿ ನಿಂತು, ಬಿಲ್ಲಿನ ಮಿಷನ್ನಿನ ಕಡೆಗೆ ತಿರುಗಿತು.

ಎರಡು ಮಸಾಲೆ ದೋಸೆ 180, ಶೇಕಡಾ 5 ಜಿಎಸ್‌ಟಿ 9, ಒಟ್ಟು 189 ರೂಪಾಯಿ. ನಾನು 190 ಕೊಟ್ಟೆ. ಚಿಲ್ಲರೆ ಇಲ್ಲವೆಂದು ಮಗನ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟರು.